ಭಯೋತ್ಪಾದನೆ ತಡೆ ಕಾನೂನಿಗೆ ಸ್ವತಂತ್ರ ಪರಿಶೀಲಕರು ಬೇಕೇ?

ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎ, ಬಂದದ್ದು 1967ರಲ್ಲಿ. ಭಯೋತ್ಪಾದನೆ ತಡೆಗೆಂದೇ ತಂದಿದ್ದ ಪೋಟಾ ಕಾಯ್ದೆ ರದ್ದಾದ 2004ರಲ್ಲಿ ಅದಕ್ಕೆ ಭಯೋತ್ಪಾದನೆಯ ಅಧ್ಯಾಯ ಸೇರಿತು. ಮುಂಬೈ ದಾಳಿಯ ಬೆನ್ನಿಗೇ, 2008ರಲ್ಲಿ, ಜಾಮೀನಿನ ಷರತ್ತು ಬಿಗಿಯಾಯಿತು. 2019ರಿಂದ ಸಂಘಟನೆಯನ್ನಷ್ಟೇ ಅಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಪಟ್ಟಿಗೆ ಸೇರಿಸಬಹುದು. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಇಂಥ ಕಾನೂನು ಹೇಗೆ ಬಳಕೆಯಾಗುತ್ತಿದೆ ಎಂದು ರಹಸ್ಯ ಕಡತ ಸಮೇತ ನೋಡಿ ವರದಿ ಕೊಡುವ ಸ್ವತಂತ್ರ ಪರಿಶೀಲಕರ ಹುದ್ದೆ ಇದೆ. ಭಾರತಕ್ಕೂ ಅದು ಬೇಕೇ? ಕಾನೂನನ್ನು ಹತ್ತಿರದಿಂದ ಬಲ್ಲ ಇಬ್ಬರ ವಾದ ಇಲ್ಲಿದೆ.

ಪರ: ಕಡತ ತೆರೆದು ನೋಡುವ ಹೊರಗಿನವರೊಬ್ಬರು ಬೇಕು

ಯುಎಪಿಎಯ 45ನೇ ಸೆಕ್ಷನ್ ಓದಿದರೆ ಸ್ವತಂತ್ರ ಪರಿಶೀಲನೆ ನಮ್ಮಲ್ಲಿ ಆಗಲೇ ಇದೆ ಅನಿಸುತ್ತದೆ. ತನಿಖಾಧಿಕಾರಿ ಕೂಡಿಹಾಕಿದ ಸಾಕ್ಷ್ಯವನ್ನು ಸರ್ಕಾರ ನೇಮಿಸಿದ ಪ್ರಾಧಿಕಾರವೊಂದು ಸ್ವತಂತ್ರವಾಗಿ ಪರಿಶೀಲಿಸಬೇಕು. ಅದರ ವರದಿ ನೋಡಿದ ಮೇಲೆಯೇ ಸರ್ಕಾರ ಮೊಕದ್ದಮೆಗೆ ಮಂಜೂರಾತಿ ಕೊಡಬೇಕು. ಮಂಜೂರಾತಿ ಇಲ್ಲದೆ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. 2008ರ ನಿಯಮಗಳು ಇದಕ್ಕೆ ದಿನ ಎಣಿಸಿ ಕೊಟ್ಟಿವೆ: ಪ್ರಾಧಿಕಾರಕ್ಕೆ ಏಳು ಕೆಲಸದ ದಿನ, ಆಮೇಲೆ ಸರ್ಕಾರಕ್ಕೆ ಇನ್ನೇಳು. ಈ ಗಡುವು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಫುಲೇಶ್ವರ್ ಗೋಪೆ ಪ್ರಕರಣದಲ್ಲಿ ಹೇಳಿದೆ.

ದಿನದ ಲೆಕ್ಕ ಸರಿ, ಪುಟದ ಲೆಕ್ಕ? 2020ರ ದೆಹಲಿ ಗಲಭೆಯ ಸಂಚು ಪ್ರಕರಣದ ಚಾರ್ಜ್‌ಶೀಟ್ 17 ಸಾವಿರ ಪುಟ ದಾಟಿತ್ತು. ಆ ಗಾತ್ರದ ಕಡತವನ್ನು ಏಳು ದಿನದಲ್ಲಿ ಮುಗಿಸಬೇಕೆಂದರೆ ದಿನಕ್ಕೆ 2,400 ಪುಟ ಓದಬೇಕು. ಓದುವವರು ಯಾರಿರಬೇಕು ಎಂಬುದನ್ನೂ ಕಾಯ್ದೆ ಹೇಳುವುದಿಲ್ಲ. ನಿವೃತ್ತ ನ್ಯಾಯಾಧೀಶರೇ, ಕಾನೂನು ಇಲಾಖೆಯ ಅಧಿಕಾರಿಯೇ, ಎಷ್ಟು ವರ್ಷದ ಅವಧಿ, ಯಾವ ಸಿಬ್ಬಂದಿ, ಒಂದೂ ಇಲ್ಲ. ವರದಿ ಪ್ರಕಟವಾಗುವುದಿಲ್ಲ.

ಆ ವರದಿ ಹೇಗಿರುತ್ತದೆ ಎಂಬುದು ಒಮ್ಮೆ ಹೊರಬಿತ್ತು. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಿ.ಎನ್. ಸಾಯಿಬಾಬಾ ಅವರನ್ನು ಬಂಧಿಸಿದ್ದು 2014ರ ಮೇನಲ್ಲಿ, ಜೀವಾವಧಿ ಶಿಕ್ಷೆಯಾದದ್ದು 2017ರ ಮಾರ್ಚ್‌ನಲ್ಲಿ. ಐದು ವರ್ಷದ ನಂತರ, 2022ರ ಅಕ್ಟೋಬರ್‌ನಲ್ಲಿ, ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಮಂಜೂರಾತಿಯ ಕಾಗದಗಳನ್ನು ಬಿಡಿಸಿ ನೋಡಿತು. ಪ್ರಾಧಿಕಾರದ ‘ಸ್ವತಂತ್ರ ಪರಿಶೀಲನೆ’ ಅರ್ಧ ಪುಟದ ಪತ್ರ. ಸಾಕ್ಷ್ಯದ ಸಾರಾಂಶವಾಗಲಿ, ಶಿಫಾರಸಿಗೆ ಕಾರಣವಾಗಲಿ ಅದರಲ್ಲಿರಲಿಲ್ಲ. ಸಾಯಿಬಾಬಾ ಅವರ ಮಟ್ಟಿಗಂತೂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಂಡ ಮೇಲೆ ಮಂಜೂರಾತಿ ಬಂದಿತ್ತು. ಈ ದೋಷಕ್ಕಾಗಿ ಪೀಠ ಅವರನ್ನು ಖುಲಾಸೆ ಮಾಡಿತು. ಮರುದಿನವೇ, ಶನಿವಾರ, ಸುಪ್ರೀಂ ಕೋರ್ಟ್ ವಿಶೇಷವಾಗಿ ಕುಳಿತು ಆ ತೀರ್ಪಿಗೆ ತಡೆ ಕೊಟ್ಟಿತು. ಪ್ರಕರಣ ಹೈಕೋರ್ಟಿಗೆ ಮರಳಿತು. 2024ರ ಮಾರ್ಚ್‌ನಲ್ಲಿ ಮತ್ತೆ ಖುಲಾಸೆ, ಅದೇ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅರ್ಧ ಪುಟದ ಆ ಕಾಗದವನ್ನು 2015ರಲ್ಲೇ ಹೊರಗಿನವರೊಬ್ಬರು ನೋಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಅವರೊಬ್ಬರ ಪಾಡಿಗೆ ಸೀಮಿತ ಮಾಡಬೇಡಿ. ಇಂಥ ಅರ್ಧ ಪುಟಗಳು ದೇಶದಲ್ಲಿ ಎಷ್ಟಿವೆ? ಎಣಿಸಿದವರಿಲ್ಲ.

ಎಣಿಸುವ ಕೆಲಸ ಯಾರದ್ದೂ ಅಲ್ಲ, ತೊಡಕಿರುವುದೇ ಇಲ್ಲಿ. ಕೋರ್ಟು ತನ್ನ ಮುಂದಿರುವ ಒಂದು ಪ್ರಕರಣವನ್ನು ನೋಡುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಯ ನ್ಯಾಯಮಂಡಳಿ ಸಂಘಟನೆಯ ನಿಷೇಧ ಸರಿಯೇ ಎಂದು ಆರು ತಿಂಗಳೊಳಗೆ ಹೇಳಿ ಎದ್ದು ಹೋಗುತ್ತದೆ. ಪಟ್ಟಿಗೆ ಸೇರಿದ ವ್ಯಕ್ತಿ ಮೊದಲು ಪಟ್ಟಿ ಮಾಡಿದ ಕೇಂದ್ರಕ್ಕೇ ಅರ್ಜಿ ಹಾಕಬೇಕು, ಅದು ತಿರಸ್ಕೃತವಾದರೆ ಮಾತ್ರ ಪುನರ್‌ಪರಿಶೀಲನಾ ಸಮಿತಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಒಂದು ವರ್ಷಕ್ಕಿಂತ ಹಳೆಯ ಘಟನೆಯನ್ನು ವಿಚಾರಿಸುವಂತಿಲ್ಲ. ಸಶಸ್ತ್ರ ಪಡೆಗಳ ವಿಷಯದಲ್ಲಿ ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಬರೆಯುವುದಷ್ಟೇ ಅದರ ಪಾಲು. ಸಂಸತ್ತಿಗೆ ಸಿಗುವುದು ಒಟ್ಟು ಸಂಖ್ಯೆ: 2019ರಲ್ಲಿ 1,226 ಪ್ರಕರಣ, 1,948 ಬಂಧನ, 2020ರಲ್ಲಿ 796 ಪ್ರಕರಣ, 1,321 ಬಂಧನ, 2022ರಲ್ಲಿ 1,005 ಪ್ರಕರಣ. ಕೋಷ್ಟಕ ಅಲ್ಲಿಗೆ ನಿಲ್ಲುತ್ತದೆ. ಮಂಜೂರಾತಿಗೆ ಬಂದ ಕಡತಗಳಲ್ಲಿ ಎಷ್ಟು ತಿರಸ್ಕೃತವಾದವು, ಚಾರ್ಜ್‌ಶೀಟ್ ಇಲ್ಲದೆ ಒಳಗಿಡುವ 90 ದಿನದ ಬಂಧನ ಎಷ್ಟು ಮಂದಿಗೆ 180 ದಿನಕ್ಕೆ ಏರಿತು, ಏರಿಸಲು ಕೊಟ್ಟ ಕಾರಣವೇನು, ಯಾವ ಜಿಲ್ಲೆಯಲ್ಲಿ ಯಾವ ಬಗೆಯ ಕೃತ್ಯಕ್ಕೆ ಯುಎಪಿಎ ಹಾಕುತ್ತಾರೆ ಎಂಬುದು ಅದರಲ್ಲಿಲ್ಲ.

2024ರ ಜುಲೈ 1ರಿಂದ ಈ ಕತ್ತಲೆ ಇನ್ನಷ್ಟು ದಟ್ಟವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಭಯೋತ್ಪಾದನಾ ಕೃತ್ಯವನ್ನು ಸಾಮಾನ್ಯ ದಂಡ ಕಾನೂನಿನೊಳಕ್ಕೂ ತಂದಿತು. ಒಂದೇ ಕೃತ್ಯಕ್ಕೆ ಎರಡು ಬಾಗಿಲು. ಯಾವುದನ್ನು ತೆರೆಯಬೇಕು ಎಂದು ತೀರ್ಮಾನಿಸುವವರು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಯುಎಪಿಎ ಬಾಗಿಲಲ್ಲಿ ಮಂಜೂರಾತಿ ಬೇಕು, ಜಾಮೀನು ಕಷ್ಟ. 113ರ ಬಾಗಿಲಲ್ಲಿ ಆ ಮಂಜೂರಾತಿಯೂ ಇಲ್ಲ, ಜಾಮೀನಿನ ಆ ವಿಶೇಷ ಅಡ್ಡಿಯೂ ಇಲ್ಲ. ಎಸ್‌ಪಿ ಯಾವ ಮಾನದಂಡದಿಂದ ಆರಿಸಿಕೊಳ್ಳುತ್ತಾರೆ? ಸಂಹಿತೆ ಹೇಳಿಲ್ಲ. ಒಂದೇ ರಾಜ್ಯದ ಎರಡು ಜಿಲ್ಲೆಗಳು ಒಂದೇ ಬಗೆಯ ಪ್ರಕರಣಕ್ಕೆ ಬೇರೆ ಬೇರೆ ಬಾಗಿಲು ತೆರೆದರೂ ಅದನ್ನು ಜೋಡಿಸಿ ನೋಡುವ ಮೇಜೇ ಇಲ್ಲ.

ಬ್ರಿಟನ್ನಿನಲ್ಲಿ ಆ ಮೇಜು ಇದೆ. 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟದ ಬಳಿಕ ತರಾತುರಿಯಲ್ಲಿ ಬಂದ ಕಾನೂನನ್ನು ಹೊರಗಿನವರು ಆಗಾಗ ಪರಿಶೀಲಿಸುವ ಪದ್ಧತಿ ಅಲ್ಲಿ ಬೆಳೆದು, 1980ರ ದಶಕದ ಹೊತ್ತಿಗೆ ವಾರ್ಷಿಕವಾಯಿತು. ಈಗ 2006ರ ಕಾಯ್ದೆಯ 36ನೇ ಸೆಕ್ಷನ್ನಿನಡಿ ಪರಿಶೀಲಕರು ಕೆಲಸ ಮಾಡುತ್ತಾರೆ. ಹಿರಿಯ ಬ್ಯಾರಿಸ್ಟರ್ ಒಬ್ಬರು, ಪೂರ್ಣಾವಧಿಯಲ್ಲ, ಸಿಬ್ಬಂದಿ ಬೆರಳೆಣಿಕೆ. ಆದರೆ ಭದ್ರತಾ ಅನುಮತಿ ಇರುವುದರಿಂದ ಗುಪ್ತಚರ ಕಡತವನ್ನೂ ಓದುತ್ತಾರೆ. ವರದಿ ಸಂಸತ್ತಿಗೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು.

ಫಲ ಏನು ಎಂದು ಕೇಳುವವರು 2000ದ ಭಯೋತ್ಪಾದನಾ ಕಾಯ್ದೆಯ 44ನೇ ಸೆಕ್ಷನ್ನಿನ ಕಥೆ ನೋಡಬೇಕು. ಯಾವ ಅನುಮಾನವೂ ಇಲ್ಲದೆ ದಾರಿಹೋಕರನ್ನು ತಡೆದು ಶೋಧಿಸುವ ಅಧಿಕಾರ ಅದು. ಒಂದು ಆದೇಶದ ಆಯುಸ್ಸು ಹೆಚ್ಚೆಂದರೆ 28 ದಿನ. ಲಂಡನ್ ಪೊಲೀಸರು 2001ರಿಂದ ಇಡೀ ಮಹಾನಗರಕ್ಕೆ ಆ ಆದೇಶವನ್ನು 28 ದಿನಕ್ಕೊಮ್ಮೆ ನವೀಕರಿಸುತ್ತಲೇ ಹೋದರು. 2009–10ರ ಒಂದೇ ವರ್ಷದಲ್ಲಿ 1,01,248 ಮಂದಿಯನ್ನು ತಡೆದರು, 506 ಮಂದಿಯನ್ನು ಬಂಧಿಸಿದರು. ಭಯೋತ್ಪಾದನೆಗಾಗಿ ಬಂಧಿತರಾದವರು ಸೊನ್ನೆ. ಆಗಿನ ಪರಿಶೀಲಕ ಲಾರ್ಡ್ ಕಾರ್ಲೈಲ್ ವರ್ಷವರ್ಷವೂ ಆಕ್ಷೇಪ ಬರೆದರು. ಜನಾಂಗವಾರು ಅಂಕಿ ಸಮತೂಕವಾಗಿ ಕಾಣಲಿ ಎಂದೇ ಯಾವ ಗುಮಾನಿಯೂ ಇಲ್ಲದವರನ್ನು ಪೊಲೀಸರು ತಡೆದಿದ್ದಾರೆ ಎಂದು 2009ರ ವರದಿಯಲ್ಲಿ ದಾಖಲಿಸಿದರು. ಈ ಸಂಗತಿ ಒಂದು ಮೊಕದ್ದಮೆಯಿಂದ ಹೊರಬರುವುದಲ್ಲ. ಸಾವಿರ ನಮೂನೆಗಳನ್ನು ಒಟ್ಟಿಗೆ ಹರಡಿ ನೋಡಿದವರಿಗೆ ಮಾತ್ರ ಕಾಣುವಂಥದ್ದು. ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2010ರ ಜನವರಿಯಲ್ಲಿ ಆ ಅಧಿಕಾರ ತಪ್ಪೆಂದಿತು, ಜುಲೈನಲ್ಲಿ ಗೃಹ ಸಚಿವೆ ಥೆರೇಸಾ ಮೇ ಅದನ್ನು ನಿಲ್ಲಿಸಿದರು.

ಆಸ್ಟ್ರೇಲಿಯಾದ ಹುದ್ದೆಯ ಹಿಂದೆ ಕರ್ನಾಟಕದವರೊಬ್ಬರ ಹೆಸರಿದೆ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ ಗೋಲ್ಡ್ ಕೋಸ್ಟ್‌ನ ಆಸ್ಪತ್ರೆಯಲ್ಲಿದ್ದ ಡಾ. ಮೊಹಮ್ಮದ್ ಹನೀಫ್ ಹೆಂಡತಿ, ಹಸುಗೂಸನ್ನು ನೋಡಲು ಊರಿಗೆ ಹೊರಟಿದ್ದಾಗ, 2007ರ ಜುಲೈ 2ರಂದು, ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಬ್ರಿಟನ್ ಬಿಡುವಾಗ ದೂರದ ಸೋದರ ಸಂಬಂಧಿಗೆ ಕೊಟ್ಟಿದ್ದ ಒಂದು ಸಿಮ್ ಕಾರ್ಡು ಕಾರಣ. ಅಲ್ಲಿನ ಕಾನೂನಿನಂತೆ ಪ್ರಶ್ನೆ ಕೇಳಲು ಇದ್ದ ಗರಿಷ್ಠ ಅವಧಿ 24 ಗಂಟೆ. ಅವರನ್ನು ಆರೋಪವಿಲ್ಲದೆ ಇಟ್ಟುಕೊಂಡದ್ದು 12 ದಿನ! ನಿದ್ದೆ, ವಕೀಲರ ಭೇಟಿ, ಬ್ರಿಟನ್ನಿನ ಹಗಲಿಗಾಗಿ ಕಾಯುವ ಹೊತ್ತು ಇವೆಲ್ಲ ‘ಡೆಡ್ ಟೈಮ್’. ಅದು ಆ 24 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಮಿತಿಯೂ ಇರಲಿಲ್ಲ. ಆಮೇಲೆ ಆರೋಪ ಬಿದ್ದುಹೋಯಿತು, ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಇಡೀ ಪ್ರಕರಣದ ತನಿಖೆ ನಡೆಸಿದರು. 2008ರ ಕೊನೆಗೆ ಹೊರಬಂದ ಅವರ ವರದಿ, ಕಾನೂನಿನ ಮೇಲೆ ಸ್ವತಂತ್ರ ಪರಿಶೀಲಕರು ಬೇಕೆಂದು ಸಲಹೆ ಮಾಡಿತು. 2010ರಲ್ಲಿ ಆ ಹುದ್ದೆಯ ಕಾಯ್ದೆ ಬಂತು. ಅದೇ ವರ್ಷ ಇನ್ನೊಂದು ಕಾಯ್ದೆ ಡೆಡ್ ಟೈಮ್‌ಗೆ ಏಳು ದಿನದ ಮಿತಿ ಹಾಕಿತು. ಪೊಲೀಸರಲ್ಲಿ ದುರುದ್ದೇಶವಿತ್ತೋ ಇಲ್ಲವೋ, ಕಾನೂನಿನಲ್ಲಿ ಸಂದು ಇತ್ತು. ಇಂಥ ಸಂದುಗಳನ್ನು ಯಾರಾದರೂ 12 ದಿನ ಒಳಗೆ ಕೂತ ಮೇಲೆ ಹುಡುಕುವುದಕ್ಕಿಂತ ಮೊದಲೇ ಹುಡುಕಿಸುವುದು ಲೇಸು.

ನಮ್ಮಲ್ಲೂ ಸಂದುಗಳಿವೆ. 43ಡಿ ಸೆಕ್ಷನ್ನಿನಡಿ 90 ದಿನ ಮೀರಿದ ಬಂಧನಕ್ಕೆ ಸರ್ಕಾರಿ ಅಭಿಯೋಜಕರ ವರದಿ ಬೇಕು: ತನಿಖೆ ಎಲ್ಲಿಗೆ ಬಂತು, ಇನ್ನೂ ಒಳಗಿಡಲು ನಿರ್ದಿಷ್ಟ ಕಾರಣವೇನು ಎಂದು. ಬೆಂಗಳೂರಿನ ಡಿ.ಜೆ. ಹಳ್ಳಿ–ಕೆ.ಜಿ. ಹಳ್ಳಿ ಗಲಭೆ ಪ್ರಕರಣದಲ್ಲಿ ವಿಶೇಷ ಕೋರ್ಟು ಆರೋಪಿಗಳ ಮಾತು ಕೇಳದೆಯೇ ಅವಧಿ ವಿಸ್ತರಿಸಿತ್ತು. 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶ ರದ್ದು ಮಾಡಿ 115 ಮಂದಿಗೆ ಜಾಮೀನು ಕೊಟ್ಟಿತು. ವಿಸ್ತರಣೆಯ ಅರ್ಜಿ ವಿಚಾರಣೆಗೆ ಬಂದಾಗ ಆರೋಪಿ ಹಾಜರಿರಲೇಬೇಕು ಎಂಬುದು ದೇಶಕ್ಕೆಲ್ಲ ಇತ್ಯರ್ಥವಾದದ್ದು 2022ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಡುವಿನ 15 ತಿಂಗಳಲ್ಲಿ ಬೇರೆ ರಾಜ್ಯಗಳಲ್ಲಿ ಇದೇ ತಪ್ಪು ನಡೆಯುತ್ತಿತ್ತೇ ಎಂದು ನೋಡಲು ಒಬ್ಬರಿದ್ದಿದ್ದರೆ, ಒಂದು ಸುತ್ತೋಲೆಯಲ್ಲಿ ಮುಗಿಯುವ ಕೆಲಸ. ಈ ತಪ್ಪಿನಿಂದ ಆರೋಪಿಗಷ್ಟೇ ನಷ್ಟ ಎಂದುಕೊಳ್ಳಬೇಡಿ. ತನಿಖಾ ಸಂಸ್ಥೆಯ ಕೈಯಿಂದ ಒಂದೇ ಏಟಿಗೆ 115 ಮಂದಿ ಜಾರಿದರು.

ಹುದ್ದೆ ಹೇಗಿರಬೇಕು? ಗೃಹ ಇಲಾಖೆಯ ಆದೇಶದಿಂದ ಆಗುವುದಲ್ಲ, ಸಂಸತ್ತಿನ ಕಾಯ್ದೆ ಬೇಕು. ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಸೇರಿ ಆರಿಸಲಿ. ಐದು ವರ್ಷದ ಒಂದೇ ಅವಧಿ, ಮರುನೇಮಕ ಇಲ್ಲ. ಮರುನೇಮಕದ ಆಸೆ ಇದ್ದರೆ ಪೆನ್ನು ಮೆತ್ತಗಾಗುತ್ತದೆ. ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಮತ್ತು ರಾಜ್ಯ ಪೊಲೀಸರ ಯಾವ ಕಡತವನ್ನೂ ಕೇಳಿ ಪಡೆಯುವ ಹಕ್ಕು, ಮಂಜೂರಾತಿ ಪ್ರಾಧಿಕಾರದ ಪ್ರತಿ ವರದಿಯ ನಕಲು ತಾನಾಗಿ ಬರುವ ವ್ಯವಸ್ಥೆ, 90ರಿಂದ 180 ದಿನಕ್ಕೆ ಏರಿಸಿದ ಪ್ರತಿ ಆದೇಶದ ಪ್ರತಿ. ವರದಿ ಕೈಸೇರಿದ 30 ದಿನದೊಳಗೆ ಸದನದಲ್ಲಿ ಮಂಡನೆ, ಆರು ತಿಂಗಳಲ್ಲಿ ಸರ್ಕಾರದ ಲಿಖಿತ ಉತ್ತರ. ಭದ್ರತೆಯ ಕಾರಣಕ್ಕೆ ಸಾಲು ಅಳಿಸಿದರೆ, ಎಷ್ಟು ಸಾಲು ಅಳಿಸಲಾಗಿದೆ ಎಂಬುದಾದರೂ ಕಾಣಬೇಕು.

ಇದರಿಂದ ಪೊಲೀಸರ ಕೈ ಕಟ್ಟಿದಂತಾಗುತ್ತದೆ ಎನ್ನುವವರಿಗೆ ಒಂದು ಮಾತು. ಬ್ರಿಟನ್ನಿನ ಪರಿಶೀಲಕ ಡೇವಿಡ್ ಆಂಡರ್ಸನ್ 2016ರಲ್ಲಿ ಗುಪ್ತಚರ ಸಂಸ್ಥೆಗಳ ಸಗಟು ಮಾಹಿತಿ ಸಂಗ್ರಹದ ಅಧಿಕಾರಗಳನ್ನು ನೋಡಿ, ಅವುಗಳಿಗೆ ನಿಜವಾದ ಉಪಯೋಗವಿದೆ ಎಂದೇ ಬರೆದರು. ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡಿದ್ದರೆ ಆ ಮಾತಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ವಿರೋಧ: ಇನ್ನೊಂದು ಕುರ್ಚಿ ಹಾಕಿದರೆ ಜೈಲಿನ ಬಾಗಿಲು ತೆರೆಯುವುದಿಲ್ಲ

ಹನೀಫ್ ಪ್ರಕರಣವನ್ನು ಎತ್ತಿಕೊಂಡವರು ಅರ್ಧಕ್ಕೇ ಬಿಟ್ಟರು. ಮುಂದಿನದನ್ನು ನೋಡೋಣ.

ಜುಲೈ 14ರಂದು ಅವರ ಮೇಲೆ ಆರೋಪ ಬಿತ್ತು. ಸಿಮ್ ಕಾರ್ಡು, ಭಯೋತ್ಪಾದಕ ದಾಳಿಯಲ್ಲಿ ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ನುಗ್ಗಿದ ಜೀಪಿನಲ್ಲೇ ಸಿಕ್ಕಿತ್ತು ಎಂದು ಅಭಿಯೋಜಕರು ಕೋರ್ಟಿಗೆ ಹೇಳಿದರು. ಭಯೋತ್ಪಾದನೆಯ ಆರೋಪಿಗೆ ಅಲ್ಲೂ ಜಾಮೀನು ಸುಲಭವಲ್ಲ, ಅಸಾಧಾರಣ ಕಾರಣ ಬೇಕು. ಆದರೂ ಜುಲೈ 16ರಂದು, ಎರಡೇ ದಿನಕ್ಕೆ, ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಸರ್ಕಾರ ಕೆಲವೇ ಗಂಟೆಗಳಲ್ಲಿ ವೀಸಾ ರದ್ದು ಮಾಡಿ ಒಳಗೇ ಉಳಿಸಿಕೊಂಡಿತು. ಹನೀಫ್ ಪರ ವಕೀಲರು ಪೊಲೀಸ್ ವಿಚಾರಣೆಯ ಲಿಖಿತ ಪ್ರತಿಯನ್ನು ಪತ್ರಿಕೆಗೆ ಕೊಟ್ಟರು. ಸಿಮ್ ಸಿಕ್ಕಿದ್ದು ಜೀಪಿನಲ್ಲಲ್ಲ, ದೂರದ ಲಿವರ್‌ಪೂಲ್‌ನಲ್ಲಿ ಎಂಬುದು ಬಯಲಾಯಿತು. 27ರಂದು ಆರೋಪ ಹಿಂದಕ್ಕೆ ಹೋಯಿತು. ಆಗಸ್ಟ್ 21ರಂದು ಫೆಡರಲ್ ಕೋರ್ಟ್ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. ಇದೆಲ್ಲ ನಡೆದದ್ದು ಪರಿಶೀಲಕರೇ ಇಲ್ಲದಿದ್ದ ದೇಶದಲ್ಲಿ. ಕೆಲಸ ಮಾಡಿದ್ದು ಜಾಮೀನು ಕೋರ್ಟು, ಸುಮ್ಮನಿರದ ವಕೀಲರು, ಪತ್ರಿಕೆಗಳು.

ಈಗ ಇದೇ ಪ್ರಕರಣವನ್ನು ಬೆಂಗಳೂರಿನ ವಿಶೇಷ ಕೋರ್ಟಿಗೆ ತನ್ನಿ. 43ಡಿ(5) ಹೇಳುವುದು: ಕೇಸ್ ಡೈರಿ ಅಥವಾ ಚಾರ್ಜ್‌ಶೀಟ್ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಎನಿಸಿದರೆ ಜಾಮೀನಿಲ್ಲ. ಆ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬೇಡಿ, ತನಿಖಾ ಸಂಸ್ಥೆ ಇಟ್ಟದ್ದನ್ನು ಇದ್ದ ಹಾಗೆಯೇ ನೋಡಿ ಎಂದು ಸುಪ್ರೀಂ ಕೋರ್ಟ್ 2019ರ ವಟಾಲಿ ತೀರ್ಪಿನಲ್ಲಿ ಹೇಳಿದೆ. ‘ಸಿಮ್ ಜೀಪಿನಲ್ಲಿತ್ತು’ ಎಂದು ಚಾರ್ಜ್‌ಶೀಟ್ ಹೇಳಿದರೆ ಸಿಮ್ ಜೀಪಿನಲ್ಲಿತ್ತು. ಲಿವರ್‌ಪೂಲ್‌ನ ಮಾತು ಪಾಟೀಸವಾಲಿನಲ್ಲಿ ಬರಬೇಕು, ಪಾಟೀಸವಾಲು ಬರುವ ಹೊತ್ತಿಗೆ ಮಗು ಶಾಲೆಗೆ ಹೋಗುತ್ತಿರುತ್ತದೆ. ಇಲ್ಲಿ ಪರಿಶೀಲಕರೊಬ್ಬರಿದ್ದಿದ್ದರೆ ಏನು ಮಾಡುತ್ತಿದ್ದರು? ವಾರ್ಷಿಕ ವರದಿಯ ಮೂರನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಬರೆಯುತ್ತಿದ್ದರು.

ಆ ಪ್ಯಾರಾವನ್ನೂ ಬರೆಯುವುದು ಸುಲಭವಲ್ಲ. ವಿಚಾರಣೆಯಲ್ಲಿರುವ ಪ್ರಕರಣದ ಸಾಕ್ಷ್ಯ ಗಟ್ಟಿಯೋ ಟೊಳ್ಳೋ ಎಂದು ಹೊರಗಿನವರು ಮುದ್ರಿಸಿ ಹಂಚಿದರೆ ಆರೋಪಿಯೋ ಅಭಿಯೋಜಕರೋ ಅದನ್ನೇ ಹಿಡಿದು ಅರ್ಜಿ ಹಾಕುತ್ತಾರೆ, ವಿಚಾರಣೆ ಇನ್ನೊಂದು ವರ್ಷ ನಿಲ್ಲುತ್ತದೆ. ಹಾಗಾಗಿ ಯಾವ ಎಚ್ಚರದ ಪರಿಶೀಲಕರೂ ತೀರ್ಪು ಬರುವವರೆಗೆ ಬಾಯಿ ಮುಚ್ಚಿಕೊಂಡೇ ಇರಬೇಕು. ಬ್ರಿಟನ್ನಿನಲ್ಲಿ ಆರೋಪ ಹೊರಿಸದೆ ಇಟ್ಟುಕೊಳ್ಳಲು ಸಿಗುವುದು ಗರಿಷ್ಠ 14 ದಿನ, ವಿಚಾರಣೆಯೂ ಬೇಗ ಶುರುವಾಗುತ್ತದೆ. ಕಾದು ಬರೆದರೂ ಅಲ್ಲಿ ಬರಹ ಹಳಸಿರುವುದಿಲ್ಲ. ನಮ್ಮಲ್ಲಿ? ಭೀಮಾ ಕೋರೆಗಾಂವ್ ಪ್ರಕರಣದ ಬಂಧನಗಳು ಶುರುವಾದದ್ದು 2018ರ ಜೂನ್‌ನಲ್ಲಿ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಇಬ್ಬರಿಗೆ ಜಾಮೀನು ಕೊಟ್ಟಾಗಲೂ ಆರೋಪ ನಿಗದಿಯೇ ಆಗಿರಲಿಲ್ಲ, ಸಾಕ್ಷಿಗಳ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಹೆಸರು. ಬೆಂಗಳೂರಿನಲ್ಲಿ ಬಹುಕಾಲ ಕೆಲಸ ಮಾಡಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಅದೇ ಪ್ರಕರಣದ ವಿಚಾರಣಾಧೀನ ಕೈದಿಯಾಗಿಯೇ 2021ರ ಜುಲೈ 5ರಂದು ತೀರಿಕೊಂಡರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇಂಥ ಪರಿಶೀಲನೆಯೇ.

44ನೇ ಸೆಕ್ಷನ್ನಿನ ಕಥೆಯನ್ನೂ ಅವರು ತಮಗೆ ಬೇಕಾದಂತೆ ಓದಿದ್ದಾರೆ. ಕಾರ್ಲೈಲ್ ವರ್ಷಗಟ್ಟಲೆ ಬರೆದರು, ಪೊಲೀಸರು 28 ದಿನಕ್ಕೊಮ್ಮೆ ಸಹಿ ಹಾಕಿಸಿಕೊಳ್ಳುತ್ತಲೇ ಹೋದರು. ನಿಲ್ಲಿಸಿದ್ದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತೀರ್ಪು. ಅದೇ ಕಾರ್ಲೈಲ್, ಆರೋಪವಿಲ್ಲದ ಬಂಧನವನ್ನು 42 ದಿನಕ್ಕೆ ಏರಿಸಲು ಸರ್ಕಾರ 2008ರಲ್ಲಿ ಹೊರಟಾಗ ಅದರ ಬೆನ್ನಿಗೆ ನಿಂತಿದ್ದರು. ಮಸೂದೆ ಕೆಳಮನೆಯಲ್ಲಿ ಒಂಬತ್ತು ಮತದಿಂದ ಗೆದ್ದಿತು. ತಡೆದದ್ದು ಮೇಲ್ಮನೆ, 118ಕ್ಕೆ 309 ಮತ. ಪರಿಶೀಲಕರ ಮಾತೇ ಕೊನೆಯ ಮಾತಾಗಿದ್ದಿದ್ದರೆ 42 ದಿನ ಕಾನೂನಾಗುತ್ತಿತ್ತು.

ಇಂಥ ಹುದ್ದೆಗಳ ಬಾಳಿಕೆಯನ್ನೂ ನೋಡಬೇಕು. ಆಸ್ಟ್ರೇಲಿಯಾದ ಮೊದಲ ಪರಿಶೀಲಕ ಬ್ರೆಟ್ ವಾಕರ್ ತಡೆ ಬಂಧನದ ಆದೇಶಗಳನ್ನು ತೆಗೆದುಹಾಕಿ ಎಂದು ಬರೆದರು. ಸರ್ಕಾರ ಅವನ್ನು ಉಳಿಸಿಕೊಂಡಿತು. 2014ರಲ್ಲಂತೂ ಅನಗತ್ಯ ಕಾನೂನು ಕಡಿತದ ಹೆಸರಲ್ಲಿ ಹುದ್ದೆಯನ್ನೇ ರದ್ದು ಮಾಡಲು ಹೊರಟು, ಕೆಲ ತಿಂಗಳ ಬಳಿಕ ಕೈಬಿಟ್ಟಿತು. ಅಮೆರಿಕದಲ್ಲಿ ಖಾಸಗಿತನ ಮತ್ತು ನಾಗರಿಕ ಸ್ವಾತಂತ್ರ್ಯ ಮೇಲ್ವಿಚಾರಣಾ ಮಂಡಳಿಯ ಮೂವರು ಡೆಮಾಕ್ರಟಿಕ್ ಸದಸ್ಯರನ್ನು 2025ರ ಜನವರಿಯಲ್ಲಿ ತೆಗೆದುಹಾಕಿದ್ದೇ ತಡ, ಕೋರಂ ಇಲ್ಲದೆ ಮಂಡಳಿ ಕುಳಿತಲ್ಲೇ ಕುಳಿತಿತು. ಬ್ರಿಟನ್ನಿನ 2015ರ ಕಾಯ್ದೆ ಪರಿಶೀಲಕರಿಗೆ ನೆರವಾಗಲು ಒಂದು ಮಂಡಳಿಗೆ ಅವಕಾಶ ಕೊಟ್ಟಿತ್ತು, ಅದು ರಚನೆಯಾಗಲೇ ಇಲ್ಲ. ಆ ದೇಶಗಳ ಪಾಡೇ ಹೀಗಿರುವಾಗ, ಆಯೋಗಗಳ ಕುರ್ಚಿ ತಿಂಗಳುಗಟ್ಟಲೆ ಖಾಲಿ ಬಿಡುವ ಚಾಳಿ ನಮ್ಮದು. ಈಶಾನ್ಯದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ರದ್ದು ಮಾಡಿ ಎಂದು ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ ಹೇಳಿದ್ದು 2005ರಲ್ಲಿ. ಕಾಯ್ದೆ ಇನ್ನೂ ಇದೆ.

ನಮ್ಮಲ್ಲಿ ಪರಿಶೀಲನೆ ಒಮ್ಮೆ ಮಾತ್ರ ನಿಜವಾಗಿ ಕೆಲಸ ಮಾಡಿತು, ಅದು ಪೋಟಾ ಕಾಲದಲ್ಲಿ. 2002ರ ಮೂಲ ಕಾಯ್ದೆಯ ಪುನರ್‌ಪರಿಶೀಲನಾ ಸಮಿತಿಗಳಿಗೆ ಹಲ್ಲಿರಲಿಲ್ಲ, 2003ರ ತಿದ್ದುಪಡಿ ಅವುಗಳ ಮಾತಿಗೆ ಸರ್ಕಾರವನ್ನು ಬದ್ಧಗೊಳಿಸಿತು. 2004ರಲ್ಲಿ ಪೋಟಾ ರದ್ದಾದಾಗ, ಬಾಕಿ ಪ್ರಕರಣಗಳನ್ನೆಲ್ಲ ಒಂದು ವರ್ಷದೊಳಗೆ ನೋಡಿ ಮುಗಿಸಿ ಎಂದು ಸಮಿತಿಗಳಿಗೆ ಗಡುವು ಹಾಕಲಾಯಿತು. ಮೇಲ್ನೋಟಕ್ಕೆ ಪ್ರಕರಣವಿಲ್ಲ ಎಂದು ಸಮಿತಿ ಹೇಳಿದರೆ ಆ ಪೋಟಾ ಮೊಕದ್ದಮೆ ಹಿಂದಕ್ಕೆ ಹೋದಂತೆಯೇ. ಗೋಧ್ರಾ ಆರೋಪಿಗಳ ಮೇಲಿನ ಪೋಟಾವನ್ನು ಸಮಿತಿ ಹೀಗೆ ತೆಗೆಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಅಕ್ಟೋಬರ್‌ನಲ್ಲಿ ಕೋರ್ಟು ಆ ವ್ಯವಸ್ಥೆಯನ್ನು ಎತ್ತಿಹಿಡಿಯಿತು: ಸಮಿತಿಯ ಮಾತು ನಡೆಯುತ್ತದೆ, ಅಭಿಯೋಜಕರ ಒಪ್ಪಿಗೆ ಬೇಕಿಲ್ಲ, ತಕರಾರಿದ್ದವರು ಹೈಕೋರ್ಟಿನಲ್ಲಿ ಪ್ರಶ್ನಿಸಲಿ. ಬದ್ಧಗೊಳಿಸುವ ಅಧಿಕಾರ, ಗಡುವು, ಮೇಲೆ ಕೋರ್ಟಿನ ಕಣ್ಣು, ಈ ಮೂರೂ ಅಲ್ಲಿದ್ದವು. ಪರ ವಾದಿಸಿದವರು ಕೇಳುತ್ತಿರುವ ಹುದ್ದೆಯಲ್ಲಿ ಇವುಗಳಲ್ಲೊಂದೂ ಇಲ್ಲ.

ಅಧಿಕಾರವಿಲ್ಲದೆ ಬರಿಯ ಕಣ್ಣು ಇಟ್ಟರೆ ಅದು ಸುಮ್ಮನೆ ನಿರುಪಯುಕ್ತವಾಗಿ ಉಳಿಯುವುದಿಲ್ಲ, ಉಪದ್ರವವೂ ಆಗುತ್ತದೆ. ಜಾಮೀನು ಅರ್ಜಿಯ ದಿನ ಅಭಿಯೋಜಕರು ಎದ್ದು ನಿಂತು, ‘ಸ್ವಾಮಿ, ಸ್ವತಂತ್ರ ಪರಿಶೀಲಕರು ಈ ವಿಭಾಗದ ಪ್ರಕರಣಗಳನ್ನು ನೋಡಿದ್ದಾರೆ, ಆಕ್ಷೇಪ ಬರೆದಿಲ್ಲ’ ಎಂದರೆ ಆರೋಪಿಯ ವಕೀಲರು ಏನು ಹೇಳಬೇಕು? 45ನೇ ಸೆಕ್ಷನ್ನಿನ ಪ್ರಾಧಿಕಾರದ ಹಣೆಬರಹವೂ ಇದೇ ಆಗಿದೆ. ‘ಸ್ವತಂತ್ರ ಪರಿಶೀಲನೆ ಆಗಿದೆ’ ಎಂಬ ಒಂದು ಸಾಲು ಮಂಜೂರಾತಿ ಆದೇಶದಲ್ಲಿ ಕೂತು, ಅರ್ಧ ಪುಟದ ಪತ್ರಕ್ಕೂ ಮರ್ಯಾದೆ ತಂದುಕೊಡುತ್ತದೆ.

ಅಭಿಯೋಜಕರ ಕಥೆಯೂ ಬೇರೆಯಲ್ಲ. ಅವರು ತನಿಖಾ ಸಂಸ್ಥೆಯ ಅಂಚೆ ಕಚೇರಿಯಲ್ಲ, ಸ್ವಂತ ಬುದ್ಧಿಯಿಂದ ವರದಿ ಬರೆಯಬೇಕು ಎಂದು ಸುಪ್ರೀಂ ಕೋರ್ಟ್, ಪೋಟಾಕ್ಕೂ ಮೊದಲಿನ ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಕಾಲದಲ್ಲೇ, 1994ರಲ್ಲಿ, ಹೇಳಿತ್ತು. ಆರು ವರ್ಷದ ಬಳಿಕ ಕರ್ನಾಟಕದಲ್ಲಿ ಏನಾಯಿತು? 2000ದ ಜುಲೈ 30ರಂದು ವೀರಪ್ಪನ್ ವರನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಮೈಸೂರಿನ ಜೈಲಿನಲ್ಲಿದ್ದ ಟಾಡಾ ಕೈದಿಗಳನ್ನು ಬಿಡಿ ಎಂಬುದು ಅವನ ಬೇಡಿಕೆಗಳಲ್ಲೊಂದು. ಸರ್ಕಾರ ಒಪ್ಪಿತು, ಅಭಿಯೋಜಕರು ಟಾಡಾ ಆರೋಪ ಹಿಂಪಡೆಯಲು ಅರ್ಜಿ ಹಾಕಿದರು, ಮೈಸೂರಿನ ಕೋರ್ಟೂ ಒಪ್ಪಿತು. ವೀರಪ್ಪನ್ ಗುಂಪಿನ ಕೈಯಲ್ಲಿ ಸತ್ತ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹಿಂಪಡೆಯುವ ಅನುಮತಿಯನ್ನು ರದ್ದು ಮಾಡಿತು. ಅಭಿಯೋಜಕರು ತಮ್ಮ ವಿವೇಚನೆ ಬಳಸಿಲ್ಲ, ಸರ್ಕಾರ ಹೇಳಿದ್ದನ್ನು ಮಾಡಿದ್ದಾರೆ ಎಂಬುದೇ ಕಾರಣ. ನಂತರ ವಿಚಾರಣೆ ಮುಗಿದಾಗ ಆ ಕೈದಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಎರಡನ್ನೂ ಒಟ್ಟಿಗೆ ನೋಡಿ. ಬಿಡಬೇಕಿದ್ದವರನ್ನು ವರ್ಷಗಟ್ಟಲೆ ಇಟ್ಟುಕೊಂಡದ್ದು ಇದೇ ವ್ಯವಸ್ಥೆ, ತನಗೆ ಬೇಕೆನಿಸಿದಾಗ ಎಲ್ಲರನ್ನೂ ಒಂದೇ ಸಲ ಬಿಡಲು ಹೊರಟದ್ದೂ ಇದೇ ವ್ಯವಸ್ಥೆ. ಎರಡೂ ಸಲ ‘ಸ್ವತಂತ್ರ’ ಎನಿಸಿಕೊಂಡ ಅಧಿಕಾರಿಯ ಸಹಿ ಇತ್ತು.

ಹಾಗಾದರೆ ಏನು ಮಾಡಬೇಕು? ಹೊಸ ಕಚೇರಿಗೆ ಇಡುವ ಹಣವನ್ನು ಕೋರ್ಟಿಗೆ ಕೊಡಿ. ಎನ್‌ಐಎ ಕಾಯ್ದೆಯ 19ನೇ ಸೆಕ್ಷನ್ ವಿಚಾರಣೆ ದಿನಂಪ್ರತಿ ನಡೆಯಬೇಕು, ಆರೋಪಿಯ ಬೇರೆ ಪ್ರಕರಣಗಳಿಗಿಂತ ಇದಕ್ಕೇ ಆದ್ಯತೆ ಎನ್ನುತ್ತದೆ. ಇತರ ಸೆಷನ್ಸ್ ಪ್ರಕರಣಗಳ ರಾಶಿಯನ್ನೂ ಹೊತ್ತ ನ್ಯಾಯಾಧೀಶರಿಂದ ಅದು ಆಗದು. ಈ ಪ್ರಕರಣಗಳಿಗೇ ಮೀಸಲಾದ ನ್ಯಾಯಾಧೀಶರು, ಅವರಿಗೆ ಬೇರೆ ಕೆಲಸ ಇಲ್ಲ ಎಂಬ ಆದೇಶ, ಇದು ಮೊದಲು. ಕೇರಳದ ನಜೀಬ್ ಪ್ರಕರಣದಲ್ಲಿ ಆರೋಪಿ ಐದು ವರ್ಷಕ್ಕೂ ಹೆಚ್ಚು ಒಳಗಿದ್ದು, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ ಇತ್ತು. ಇಷ್ಟು ತಡವಾದರೆ 43ಡಿ(5) ಅಡ್ಡಬಾರದು ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿತು. 2024ರ ಫೆಬ್ರುವರಿಯಲ್ಲಿ ಇನ್ನೊಂದು ಪೀಠ ಯುಎಪಿಎ ಅಡಿ ಜೈಲೇ ನಿಯಮ ಎಂದಿತು, ಅದೇ ಆಗಸ್ಟ್‌ನಲ್ಲಿ ಮತ್ತೊಂದು ಪೀಠ ಇಲ್ಲೂ ಜಾಮೀನೇ ನಿಯಮ ಎಂದಿತು. ಯಾವ ಪೀಠದ ಮುಂದೆ ಅರ್ಜಿ ಬೀಳುತ್ತದೆ ಎಂಬುದರ ಮೇಲೆ ಒಬ್ಬರ ಸ್ವಾತಂತ್ರ್ಯ ನಿಂತಿದೆ. ಇದನ್ನು ಸರಿಪಡಿಸಬಲ್ಲವರು ಇಬ್ಬರೇ: ಸಂಸತ್ತು, ಅಥವಾ ಸುಪ್ರೀಂ ಕೋರ್ಟಿನ ದೊಡ್ಡ ಪೀಠ. ಇಂತಿಷ್ಟು ವರ್ಷದಲ್ಲಿ ವಿಚಾರಣೆ ಮುಗಿಯದಿದ್ದರೆ 43ಡಿ(5) ತಾನಾಗಿ ಬಿದ್ದುಹೋಗುತ್ತದೆ ಎಂದು ಒಂದು ಉಪವಾಕ್ಯ ಸೇರಿಸಿದರೆ ಸಾಕು.

ಎರಡನೆಯದು, ಮಂಜೂರಾತಿ ಪ್ರಾಧಿಕಾರ. ಅದಿರಲಿ, ಆದರೆ ಹೆಸರನ್ನು ಸರ್ಕಾರ ಆರಿಸುವುದು ಬೇಡ, ಹೈಕೋರ್ಟ್ ಕೊಟ್ಟ ನಿವೃತ್ತ ಜಿಲ್ಲಾ ನ್ಯಾಯಾಧೀಶರ ಪಟ್ಟಿಯಿಂದ ಸರದಿಯಂತೆ ಬರಲಿ. ಅವರು ‘ಬೇಡ’ ಎಂದರೆ ಸರ್ಕಾರ ಮಂಜೂರಾತಿ ಕೊಡುವಂತಿಲ್ಲ ಎಂದಾಗಲಿ. ಏಳು ದಿನ ಸಾಲದಿದ್ದರೆ ಇಪ್ಪತ್ತೊಂದು ಮಾಡಿ. ವರದಿಯಲ್ಲಿ ಪ್ರತಿ ಆರೋಪಿಯ ಹೆಸರಿನ ಮುಂದೆ ಯಾವ ಸಾಕ್ಷ್ಯ, ಯಾವ ಪುಟ, ಯಾವ ಸೆಕ್ಷನ್ ಎಂದು ಬರೆದಿರಬೇಕು. ಅದರ ನಕಲು ಚಾರ್ಜ್‌ಶೀಟಿನ ಜೊತೆಗೇ ಆರೋಪಿಯ ಕೈಗೆ ಬರಬೇಕು. ಮಂಜೂರಾತಿಯ ದೋಷವನ್ನು ಆದಷ್ಟು ಬೇಗ ಎತ್ತಬೇಕು ಎಂದು ಗೋಪೆ ತೀರ್ಪೇ ಹೇಳುತ್ತದೆ. ಕಾಗದವೇ ಸಿಗದವರು ಎತ್ತುವುದಾದರೂ ಹೇಗೆ?

ಅಂಕಿ-ಅಂಶದ ಮಾತಿಗೆ ಬಂದರೆ, ಅವರು ಕೇಳಿದ ಕೋಷ್ಟಕ ನನಗೂ ಬೇಕು. ಅದಕ್ಕೆ ಭದ್ರತಾ ಅನುಮತಿ ಪಡೆದ ಬ್ಯಾರಿಸ್ಟರ್ ಬೇಕಿಲ್ಲ. 90 ದಿನದ ವಿಸ್ತರಣೆ ಆದೇಶ, ಜಾಮೀನು ಆದೇಶ, ಆರೋಪ ನಿಗದಿಯ ದಿನಾಂಕ ಎಲ್ಲವೂ ಕೋರ್ಟಿನ ರಿಜಿಸ್ಟರಿನಲ್ಲೇ ಇವೆ. ಮೂರು ತಿಂಗಳಿಗೊಮ್ಮೆ ಪಟ್ಟಿ ಕಳಿಸಿ ಎಂದು ಹೈಕೋರ್ಟಿನ ರಿಜಿಸ್ಟ್ರಾರ್ ವಿಶೇಷ ಕೋರ್ಟುಗಳಿಗೆ ಒಂದು ಪತ್ರ ಬರೆದರೆ ಮುಂದಿನ ತ್ರೈಮಾಸಿಕದಿಂದಲೇ ಸಿಗುತ್ತದೆ.

ವರದಿಯ ದಾರಿ ಎಷ್ಟು ಉದ್ದ ಎಂಬುದಕ್ಕೆ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳೇ ಸಾಕ್ಷಿ. ವೀರಪ್ಪನ್ ಬೇಟೆಯ ವೇಳೆ ವಿಶೇಷ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನೋಡಲು ಮಾನವ ಹಕ್ಕುಗಳ ಆಯೋಗ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಸಮಿತಿ ಸ್ವತಂತ್ರವಾಗಿತ್ತು, ಜನರ ಬಳಿ ಹೋಗಿ ಕೇಳಿತು, ವರದಿಯನ್ನೂ ಕೊಟ್ಟಿತು. 1990ರ ದಶಕದ ಆ ದೂರುಗಳ ಮೇಲೆ 89 ಮಂದಿಗೆ 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದು 2007ರಲ್ಲಿ. ವೀರಪ್ಪನ್ ಸತ್ತು ಆಗಲೇ ಎರಡು ವರ್ಷ ದಾಟಿತ್ತು.